ಬೇರೆ ರಾಜ್ಯಕ್ಕೆ ಕಾರು ಸಾಗಣೆ: ಬಾಡಿಗೆಯ ಲೆಕ್ಕ ಎಲ್ಲಿಂದ ಹುಟ್ಟುತ್ತದೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವಾಗಿರುವುದರಿಂದ, ಅವುಗಳಲ್ಲಿ ಏಳನ್ನು ಆಯ್ದು ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಉದ್ಯೋಗದ ವರ್ಗಾವಣೆಯಿಂದಾಗಿ ಬೇರೆ ರಾಜ್ಯಕ್ಕೆ ಹೋಗುತ್ತಿದ್ದೇನೆ. ಕಾರನ್ನು ಕಳುಹಿಸಲು ಮೂವರಿಂದ ಕೊಟೇಷನ್ ತರಿಸಿಕೊಂಡೆ. ಕಾರು ಒಂದೇ, ಹೊರಡುವ ಊರೂ ತಲುಪುವ ಊರೂ ಒಂದೇ. ಆದರೂ ಅತಿ ಹೆಚ್ಚು ಕೇಳಿದವರ ಮೊತ್ತ ಅತಿ ಕಡಿಮೆ ಕೇಳಿದವರದಕ್ಕಿಂತ ಸುಮಾರು ಎರಡು ಪಟ್ಟಿದೆ. ಇವರಲ್ಲಿ ಯಾರೋ ಒಬ್ಬರು ಮೋಸ ಮಾಡುತ್ತಿದ್ದಾರೆಂದು ತಿಳಿಯಬೇಕೇ?

ಉತ್ತರ: ಹಾಗೆ ತೀರ್ಮಾನಿಸುವ ಮೊದಲು, ತಾವು ಏನನ್ನು ಕೊಳ್ಳುತ್ತಿದ್ದೀರಿ ಎಂಬುದನ್ನು ನೋಡಬೇಕು. ಎಂಟು ಹತ್ತು ಕಾರುಗಳನ್ನು ಹೊರುವ ಒಂದು ಟ್ರೇಲರ್ ನಿರ್ದಿಷ್ಟ ದಿನಗಳಲ್ಲಿ ನಿರ್ದಿಷ್ಟ ಹಾದಿಯಲ್ಲಿ ಹೋಗುತ್ತದೆ; ಅದರಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗವನ್ನು ತಾವು ಬಾಡಿಗೆಗೆ ಪಡೆಯುತ್ತೀರಿ. ದೂರ ಆ ಬಾಡಿಗೆಯ ಒಂದು ಅಂಶ ಮಾತ್ರ. ಆ ಹಾದಿಯಲ್ಲಿ ಆ ವಾರ ಎಷ್ಟು ಜಾಗ ಖಾಲಿಯಿದೆ, ಅದಕ್ಕೆ ಎಷ್ಟು ಜನ ಕಾದಿದ್ದಾರೆ, ತಮ್ಮ ಕಾರು ಎಷ್ಟು ಜಾಗವನ್ನೂ ತೂಕವನ್ನೂ ತೆಗೆದುಕೊಳ್ಳುತ್ತದೆ, ತಮ್ಮ ಮನೆ ಚಾಲಕನನ್ನು ಹೆದ್ದಾರಿಯಿಂದ ಎಷ್ಟು ದೂರ ಎಳೆಯುತ್ತದೆ, ದಿನಾಂಕದ ವಿಷಯದಲ್ಲಿ ತಾವು ಎಷ್ಟು ಬಿಗಿಯಾಗಿದ್ದೀರಿ ಎಂಬುದೆಲ್ಲ ಸೇರಿ ಬಾಡಿಗೆ ರೂಪುಗೊಳ್ಳುತ್ತದೆ. ಆದ್ದರಿಂದ ಮೂವರು ಪ್ರಾಮಾಣಿಕರಿಂದಲೂ ಮೂರು ಬೇರೆ ಬೇರೆ ಮೊತ್ತ ಬರುವುದು ಸಹಜ.

ಎರಡು ಪಟ್ಟು ಅಂತರಕ್ಕೆ ಮಾತ್ರ ಬೇರೆ ಕಾರಣವೂ ಇರಬಹುದು. ಕೊಟೇಷನ್ ಕೊಡುವವರಲ್ಲಿ ಅನೇಕರ ಬಳಿ ಸ್ವಂತ ಗಾಡಿಯೇ ಇರುವುದಿಲ್ಲ. ಅವರು ಮಧ್ಯವರ್ತಿಗಳು, ತಮ್ಮ ಕಾರಿನ ವಿವರವನ್ನೂ ಕೊಡಲು ಸಿದ್ಧವಿರುವ ಬಾಡಿಗೆಯನ್ನೂ ಗಾಡಿ ಮಾಲೀಕರ ಮುಂದಿಡುತ್ತಾರೆ, ಒಪ್ಪಿಗೆಯಾದವರು ಲೋಡು ಎತ್ತುತ್ತಾರೆ. ಮಧ್ಯವರ್ತಿಯ ಕೆಲಸ ನಿಜವಾದ ಕೆಲಸ, ಅದರ ಬಗ್ಗೆ ಆಕ್ಷೇಪವಿಲ್ಲ. ತೊಂದರೆಯಿರುವುದು ಗಿರಾಕಿಯನ್ನು ಹಿಡಿಯಲೆಂದೇ ಅತಿ ಕಡಿಮೆ ಮೊತ್ತ ಹೇಳುವವರಲ್ಲಿ. ಆ ಮೊತ್ತಕ್ಕೆ ಯಾವ ಚಾಲಕನೂ ಬರುವುದಿಲ್ಲ. ಮನೆ ಖಾಲಿ ಮಾಡುವ ದಿನ ಹತ್ತಿರವಾಗುತ್ತದೆ. ಆಗ 'ಡೀಸೆಲ್ ದರ ಏರಿದೆ, ಗಾಡಿ ಸಿಗುತ್ತಿಲ್ಲ, ಇನ್ನಷ್ಟು ಸೇರಿಸಿದರೆ ನಾಳೆಯೇ ಕಳುಹಿಸುತ್ತೇವೆ' ಎಂಬ ಕರೆ ಬರುತ್ತದೆ. ಮುಂಗಡ ಕೊಟ್ಟಾಗಿರುವುದರಿಂದ ಒಪ್ಪದೆ ಬೇರೆ ದಾರಿಯಿರುವುದಿಲ್ಲ. ಹೀಗೆ ಕಡೆಗೆ ತೆತ್ತ ಮೊತ್ತ ಮಧ್ಯದ ಕೊಟೇಷನ್ ಕೊಟ್ಟವರದಕ್ಕಿಂತ ಹೆಚ್ಚಾದ ಉದಾಹರಣೆಗಳು ನನಗೆ ಬಂದ ಪತ್ರಗಳಲ್ಲೇ ಹಲವಿವೆ.

ಆದ್ದರಿಂದ ಮೂವರಿಗೂ ಒಂದೇ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ. ಗಾಡಿ ತಮ್ಮದೇ, ಬೇರೆಯವರದೇ? ಹೇಳಿದ ಮೊತ್ತ ಅಂತಿಮವೇ, ಅಂದಾಜೇ? ಇಂಧನದ ಹೆಚ್ಚುವರಿ, ಟೋಲ್, ತೆರಿಗೆ ಇವೆಲ್ಲ ಅದರಲ್ಲಿ ಸೇರಿವೆಯೇ? ಮುಂಗಡವನ್ನು ಯಾವಾಗ ಪಡೆಯುತ್ತಾರೆ, ನಿಗದಿತ ದಿನಗಳೊಳಗೆ ಗಾಡಿ ಬಾರದಿದ್ದರೆ ಅದನ್ನು ಹಿಂದಿರುಗಿಸುತ್ತಾರೆಯೇ? ಗಾಡಿ ನಿಗದಿಯಾದ ನಂತರವಷ್ಟೇ ಮುಂಗಡ ಪಡೆಯುವವರನ್ನು ನಾನು ಹೆಚ್ಚು ನಂಬುತ್ತೇನೆ. ಗಾಡಿಯ ಮಾಲೀಕರ ಹೆಸರು ತಿಳಿದ ಮೇಲೆ ಅವರ ಪರವಾನಗಿಯನ್ನೂ ಪರಿಶೀಲಿಸಬಹುದು. ಉದಾಹರಣೆಗೆ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾರು ಸಾಗಿಸುವ ಸಂಸ್ಥೆಗಳಿಗೆ ಒಕ್ಕೂಟ ಸರ್ಕಾರದ ಸಾರಿಗೆ ಇಲಾಖೆ ನೀಡಿದ ನೋಂದಣಿ ಸಂಖ್ಯೆಯಿರುತ್ತದೆ, ಆ ಸಂಖ್ಯೆಯಿಂದ ಅವರ ಪರವಾನಗಿ ಮತ್ತು ವಿಮೆಯ ಸ್ಥಿತಿಯನ್ನು ಯಾರು ಬೇಕಾದರೂ ನೋಡಬಹುದು.

ಪ್ರಶ್ನೆ: ನನ್ನ ಅಕ್ಕ ತನ್ನ ಕಾರನ್ನು ನಾನಿರುವ ನಗರಕ್ಕೆ ತರಿಸಿಕೊಂಡಾಗ ಕೊಟ್ಟ ಬಾಡಿಗೆಗಿಂತ, ನಾನು ಅದೇ ಅಳತೆಯ ಕಾರನ್ನು ಇಲ್ಲಿಂದ ಅವಳಿದ್ದ ಊರಿನ ಕಡೆಗೆ ಕಳುಹಿಸಲು ಬಹಳ ಹೆಚ್ಚು ಕೇಳುತ್ತಿದ್ದಾರೆ. ಹೋಗುವ ದೂರವೂ ಬರುವ ದೂರವೂ ಒಂದೇ ಅಲ್ಲವೇ?

ಉತ್ತರ: ದೂರ ಒಂದೇ, ಆದರೆ ಜನರ ಓಡಾಟ ಎರಡೂ ದಿಕ್ಕಿನಲ್ಲಿ ಸಮವಾಗಿರುವುದಿಲ್ಲ. ಒಂದು ಊರಿಗೆ ತುಂಬಿದ ಗಾಡಿ ಹೋಗಿ ಅಲ್ಲಿಂದ ರಿಟರ್ನ್ ಲೋಡ್ ಸಿಗದೆ ಖಾಲಿಯಾಗಿ ಮರಳುವುದಾದರೆ, ಆ ಖಾಲಿ ಓಟದ ಡೀಸೆಲ್, ಟೋಲ್, ಚಾಲಕನ ಸಂಬಳ ಎಲ್ಲವನ್ನೂ ಹೋಗುವಾಗಿನ ಬಾಡಿಗೆಯಲ್ಲೇ ತುಂಬಿಕೊಳ್ಳಬೇಕಾಗುತ್ತದೆ. ಮರಳುವ ದಿಕ್ಕಿನಲ್ಲಿ ಕಾರು ಕೊಡುವವರಿಗೆ ಕಡಿಮೆ ಬಾಡಿಗೆ ಹೇಳುತ್ತಾರೆ, ಏಕೆಂದರೆ ಖಾಲಿ ಬರುವುದಕ್ಕಿಂತ ಅಷ್ಟಾದರೂ ಸಿಗುವುದು ಲಾಭವೇ. ತಮ್ಮ ಅಕ್ಕ ಬಹುಶಃ ಮರಳುವ ಗಾಡಿಯಲ್ಲಿ ಕಾರು ತರಿಸಿಕೊಂಡಿದ್ದರು.

ಇದಕ್ಕೆ ಋತುವೂ ಸೇರಿಕೊಳ್ಳುತ್ತದೆ. ಅಮೆರಿಕದ ಉತ್ತರ ಭಾಗದ ನಿವೃತ್ತರು ಅನೇಕರು ಚಳಿಗಾಲ ಕಳೆಯಲು ಶರತ್ಕಾಲದಲ್ಲಿ ಫ್ಲಾರಿಡಾ, ಅರಿಜೋನಾಗಳಿಗೆ ಹೋಗಿ ವಸಂತದಲ್ಲಿ ಮರಳುತ್ತಾರೆ. ಅವರ ಕಾರುಗಳೂ ಅವರೊಂದಿಗೆ ಹೋಗಿ ಬರುತ್ತವೆ. ಹೀಗಾಗಿ ಅಕ್ಟೋಬರ್ ನಂತರ ದಕ್ಷಿಣದ ಕಡೆಗೂ, ಏಪ್ರಿಲ್ ಹೊತ್ತಿಗೆ ಉತ್ತರದ ಕಡೆಗೂ ಬಾಡಿಗೆ ಏರುತ್ತದೆ, ಎದುರು ದಿಕ್ಕಿನಲ್ಲಿ ಇಳಿಯುತ್ತದೆ. ಶಾಲೆಗಳ ರಜೆಯಲ್ಲಿ ಕುಟುಂಬಗಳು ಮನೆ ಬದಲಿಸುವ ಕಡೆಗಳಲ್ಲೆಲ್ಲ ಆ ತಿಂಗಳುಗಳಲ್ಲಿ ಇಂಥದ್ದೇ ಏರಿಕೆಯಿರುತ್ತದೆ. ತಮಗೆ ಅವಸರವಿಲ್ಲದಿದ್ದರೆ 'ಈ ಎರಡು ವಾರಗಳಲ್ಲಿ ಯಾವ ದಿನ ಬಂದರೂ ಆದೀತು' ಎಂದು ಹೇಳಿ ನೋಡಿ. ಚಾಲಕನಿಗೆ ತನ್ನ ಹಾದಿಯನ್ನು ತಾನೇ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಸಿಕ್ಕಷ್ಟೂ ಬಾಡಿಗೆ ಇಳಿಯುತ್ತದೆ. ಇದೇ ದಿನ, ಇದೇ ಹೊತ್ತಿಗೆ ಎಂದು ಪಟ್ಟು ಹಿಡಿದರೆ ಅವನು ಬೇರೆ ಲೋಡು ಬಿಟ್ಟು ಬರಬೇಕಾಗುತ್ತದೆ, ಆ ನಷ್ಟ ತಮ್ಮ ಲೆಕ್ಕಕ್ಕೆ ಸೇರುತ್ತದೆ.

ದೂರದ ಬಗ್ಗೆಯೇ ಇನ್ನೊಂದು ಮಾತು. ದೂರ ಹೆಚ್ಚಿದಂತೆ ಒಟ್ಟು ಬಾಡಿಗೆ ಏರುತ್ತದೆ, ಆದರೆ ಕಿಲೋಮೀಟರಿಗೆ ಬೀಳುವ ವೆಚ್ಚ ಇಳಿಯುತ್ತದೆ. ಕಾರನ್ನು ಹತ್ತಿಸುವುದು, ಕಟ್ಟುವುದು, ಪರಿಶೀಲಿಸುವುದು, ಕಾಗದ ಬರೆಯುವುದು, ಇಳಿಸುವುದು ಇವೆಲ್ಲವಕ್ಕೆ 300 ಕಿ.ಮೀ. ಹೋದರೂ 3,000 ಕಿ.ಮೀ. ಹೋದರೂ ಒಂದೇ ಶ್ರಮ. ಹೆದ್ದಾರಿಯ ಪಕ್ಕದ ಎರಡು ದೊಡ್ಡ ನಗರಗಳ ನಡುವಿನ ದೂರದ ಸಾಗಣೆ, ಹೆದ್ದಾರಿಯಿಂದ ಬಹಳ ಒಳಗಿರುವ ಹತ್ತಿರದ ಊರಿಗಿಂತ ಅಗ್ಗವಾಗಿ ಕಾಣುವುದಕ್ಕೂ ಇದು ಒಂದು ಕಾರಣ. ಹೆದ್ದಾರಿಯ ಬಳಿ ಬಂದು ಕಾರನ್ನು ಕೊಡಲು ಅಥವಾ ಪಡೆಯಲು ಒಪ್ಪಿದರೆ ಅಲ್ಲಿಯೂ ಸ್ವಲ್ಪ ಉಳಿತಾಯವಿದೆ.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಕಾರು. ಕಳೆದ ವರ್ಷವಷ್ಟೇ ಪೂರ್ತಿ ಬಣ್ಣ ಹಚ್ಚಿಸಿದ್ದೇವೆ. ತೆರೆದ ಟ್ರೇಲರಿನಲ್ಲಿ ಕಳುಹಿಸಬಹುದೇ, ಮುಚ್ಚಿದ ಗಾಡಿಯೇ ಬೇಕೇ?

ಉತ್ತರ: ಕಾರ್ಖಾನೆಗಳಿಂದ ಮಾರಾಟ ಮಳಿಗೆಗಳಿಗೆ ಹೋಗುವ ಹೊಸ ಕಾರುಗಳಲ್ಲೂ ಅನೇಕವು ತೆರೆದ ಟ್ರೇಲರಿನಲ್ಲೇ ಹೋಗುತ್ತವೆ. ದಿನಬಳಕೆಯ ಕಾರಿಗೆ ಅದು ಸಾಕು. ಧೂಳು, ಮಳೆ, ಅಪರೂಪಕ್ಕೊಮ್ಮೆ ಸಿಡಿಯುವ ಸಣ್ಣ ಕಲ್ಲು, ಇವು ಅದೇ ಕಾರನ್ನು ನಾವು ಹೆದ್ದಾರಿಯಲ್ಲಿ ಓಡಿಸಿದರೂ ತಪ್ಪುವಂಥವಲ್ಲ. ಮುಚ್ಚಿದ ಗಾಡಿಯಲ್ಲಿ ಕಡಿಮೆ ಕಾರುಗಳು ಹಿಡಿಯುವುದರಿಂದ ಪ್ರತಿ ಕಾರಿನ ಪಾಲಿಗೆ ಬೀಳುವ ವೆಚ್ಚ ಹೆಚ್ಚು. ತೆರೆದ ಗಾಡಿಗಿಂತ ಮೂರನೇ ಒಂದು ಭಾಗದಿಂದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೇಳುತ್ತಾರೆ.

ಆದರೆ ತಮ್ಮ ಕಾರಿನ ವಿಷಯ ಬೇರೆ. ಹಳೆಯ ಕಾರಿನ ಬಿಡಿಭಾಗ ಮುರಿದರೆ ಇನ್ನೊಂದು ಸಿಗುವುದು ಕಷ್ಟ, ಕೈಯಿಂದ ಹಚ್ಚಿದ ಬಣ್ಣಕ್ಕೆ ಸರಿಹೊಂದುವ ಬಣ್ಣವನ್ನು ತೇಪೆಯ ಮಟ್ಟಿಗೆ ತಯಾರಿಸುವುದು ಇನ್ನೂ ಕಷ್ಟ. ವಿಮೆಯವರು ಕಾರಿಗೆ ಕಟ್ಟುವ ಬೆಲೆಯಲ್ಲಿ ತಂದೆಯವರ ನೆನಪು ಸೇರಿರುವುದಿಲ್ಲ. ಆದ್ದರಿಂದ ಮುಚ್ಚಿದ ಗಾಡಿಯನ್ನೇ ಆರಿಸಿಕೊಳ್ಳಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಕಾರಿನ ತಳ ನೆಲಕ್ಕೆ ಹತ್ತಿರವಾಗಿದ್ದರೆ ಏಣಿಹಲಗೆಯ ಬದಲು ಲಿಫ್ಟ್ ಇರುವ ಗಾಡಿಯನ್ನು ಕೇಳಿ. ಕಾರನ್ನು ಚಕ್ರಗಳ ಮೇಲೆ ಹಾಯುವ ಪಟ್ಟಿಯಿಂದ ಕಟ್ಟುತ್ತಾರೋ, ಚಾಸಿಗೆ ಸರಪಳಿ ಹಾಕಿ ಬಿಗಿಯುತ್ತಾರೋ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಚಕ್ರಕ್ಕೆ ಪಟ್ಟಿ ಹಾಕಿದರೆ ಕಾರಿನ ದೇಹ ತನ್ನ ಸ್ಪ್ರಿಂಗುಗಳ ಮೇಲೆ ಆಡಲು ಅವಕಾಶವಿರುತ್ತದೆ, ಹಳೆಯ ಚಾಸಿಗೆ ಎಳೆತವೂ ಬೀಳುವುದಿಲ್ಲ.

ಪ್ರಶ್ನೆ: ಬ್ಯಾಟರಿ ಕೆಟ್ಟು ನಿಂತಿರುವ ಕಾರನ್ನು ಹಾಗೆಯೇ ಕಳುಹಿಸಬಹುದೇ? ಹೋದ ಮೇಲೆ ಅಲ್ಲೇ ಹೊಸ ಬ್ಯಾಟರಿ ಹಾಕಿಸುವ ಯೋಚನೆಯಿದೆ.

ಉತ್ತರ: ಕಳುಹಿಸಬಹುದು, ಆದರೆ ಹೊಸ ಬ್ಯಾಟರಿಯನ್ನು ಇಲ್ಲೇ ಹಾಕಿಸಿ ಕಳುಹಿಸುವುದು ಬಹುತೇಕ ಅಗ್ಗವಾಗುತ್ತದೆ. ಕಾರಣ ಟ್ರೇಲರಿನೊಳಗಿದೆ. ಅಲ್ಲಿ ಕಾರುಗಳು ಒಂದರ ಹಿಂದೆ ಒಂದು, ಒಂದರ ಮೇಲೊಂದು ನಿಲ್ಲುತ್ತವೆ. ಮಧ್ಯದ ಊರಿನಲ್ಲಿ ಒಂದನ್ನು ಇಳಿಸಬೇಕಾದರೆ ಅದಕ್ಕೆ ಅಡ್ಡವಿರುವ ಎರಡು ಮೂರು ಕಾರುಗಳನ್ನು ಚಾಲಕ ಕೆಳಗಿಳಿಸಿ ಮತ್ತೆ ಹತ್ತಿಸುತ್ತಾನೆ. ತಾನಾಗಿ ಚಲಿಸದ ಕಾರನ್ನು ಪ್ರತಿ ಬಾರಿಯೂ ವಿಂಚ್ (ಹಗ್ಗವನ್ನು ಸುತ್ತಿಕೊಂಡು ಭಾರ ಎಳೆಯುವ ಯಂತ್ರ) ಹಾಕಿ ಎಳೆಯಬೇಕು, ಮತ್ತೆ ಹತ್ತಿಸಬೇಕು. ವಿಂಚ್ ಇಲ್ಲದ ಗಾಡಿಯವರು ಅಂಥ ಕಾರನ್ನು ಒಪ್ಪುವುದೇ ಇಲ್ಲ, ಇರುವವರು ಹೆಚ್ಚುವರಿ ಕೇಳುತ್ತಾರೆ. ಬೇರೆ ದೋಷದಿಂದ ನಿಂತಿರುವ ಕಾರಾದರೆ, ಕಡೇಪಕ್ಷ ಚಕ್ರ ಉರುಳುತ್ತದೆಯೇ, ಸ್ಟಿಯರಿಂಗ್ ತಿರುಗುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂಬುದನ್ನು ಬಾಡಿಗೆ ಮಾತಾಡುವಾಗಲೇ ಹೇಳಿ. ಗಾಡಿ ಮನೆಯ ಮುಂದೆ ಬಂದು ನಿಂತ ಮೇಲೆ ಹೇಳಿದರೆ ಚಾಲಕ ಖಾಲಿ ಮರಳಿದರೂ ಮರಳಿಯಾನು, ಬಂದುಹೋದ ಖರ್ಚು ತಮ್ಮ ಮೇಲೆ ಬೀಳುತ್ತದೆ.

ಪ್ರಶ್ನೆ: ಕಾರು ಹೇಗೂ ಹೋಗುತ್ತಿದೆ, ಅದರೊಳಗೆ ಪುಸ್ತಕ, ಪಾತ್ರೆ, ಬಟ್ಟೆಗಳ ಪೆಟ್ಟಿಗೆ ಇಟ್ಟರೆ ತಪ್ಪೇನು? ನನ್ನದು ದೊಡ್ಡ ವಿದ್ಯುತ್ ಕಾರು, ಜಾಗ ಧಾರಾಳವಾಗಿದೆ.

ಉತ್ತರ: ಪ್ರಶ್ನೆ ಜಾಗದ್ದಲ್ಲ, ತೂಕದ್ದು. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಗಾಡಿ ಮತ್ತು ಸರಕು ಸೇರಿ ಸಾಮಾನ್ಯ ಮಿತಿ 80,000 ಪೌಂಡ್, ಎಂದರೆ ಸುಮಾರು 36 ಟನ್. ಇತರ ದೇಶಗಳಲ್ಲೂ ಇಂಥ ಮಿತಿಗಳಿವೆ. ಚಾಲಕ ಪ್ರತಿ ಕಾರಿನ ತೂಕವನ್ನು ಕೂಡಿಸಿ, ಯಾವ ಅಚ್ಚಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕಿ ಲೋಡು ಜೋಡಿಸಿರುತ್ತಾನೆ. ಪ್ರತಿಯೊಬ್ಬರೂ ತಮ್ಮ ಕಾರಿನಲ್ಲಿ 50 ಕಿಲೋ ಸಾಮಾನು ಅಡಗಿಸಿಟ್ಟರೆ ಒಂಬತ್ತು ಕಾರುಗಳಿಗೆ 450 ಕಿಲೋ ಆಯಿತು. ತೂಕದ ತಪಾಸಣೆಯಲ್ಲಿ ಸಿಕ್ಕಿಬೀಳುವವನು ಚಾಲಕ. ಇಂಧನ ಟ್ಯಾಂಕನ್ನು ಕಾಲು ಭಾಗದಷ್ಟೇ ತುಂಬಿ ಕಳುಹಿಸಿ ಎನ್ನುವುದೂ ಇದಕ್ಕೇ. 50 ಲೀಟರ್ ಪೆಟ್ರೋಲ್ ಸುಮಾರು 37 ಕಿಲೋ ತೂಗುತ್ತದೆ.

ವಿದ್ಯುತ್ ಕಾರು ತನ್ನ ಬ್ಯಾಟರಿಯಿಂದಾಗಿ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಮೊದಲೇ ಹೆಚ್ಚು ಭಾರವಾಗಿರುತ್ತದೆ, ಕೆಲವು ದೊಡ್ಡ ಮಾದರಿಗಳು 4 ಟನ್ ದಾಟುತ್ತವೆ. ಅಂಥ ಕಾರು ಹತ್ತಿದರೆ ಚಾಲಕ ಇನ್ನೊಂದು ಕಾರಿನ ಬಾಡಿಗೆಯನ್ನೇ ಬಿಡಬೇಕಾಗಬಹುದು, ಹಾಗಾಗಿ ಬಾಡಿಗೆ ಹೆಚ್ಚಾಗುವುದು ನ್ಯಾಯವೇ. ಎತ್ತರದ ಕಾರುಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಯುರೋಪಿನ ಹೆಚ್ಚಿನ ದೇಶಗಳಲ್ಲಿ ತುಂಬಿದ ಗಾಡಿಯ ಎತ್ತರ 4 ಮೀಟರ್ ಮೀರುವಂತಿಲ್ಲ, ಆದ್ದರಿಂದ ಎತ್ತರದ ಕಾರಿನ ಮೇಲಿನ ಅಂತಸ್ತಿನಲ್ಲಿ ತಗ್ಗಿನ ಕಾರನ್ನೇ ಹುಡುಕಿ ಇಡಬೇಕು. ಛಾವಣಿಯ ಮೇಲಿನ ಲಗೇಜ್ ಕ್ಯಾರಿಯರನ್ನು ಬಿಚ್ಚಿ ಕಳುಹಿಸಿ.

ಇನ್ನು ಸಾಮಾನಿನ ವಿಷಯ. ಸಾಗಣೆದಾರರ ವಿಮೆ ಸಾಮಾನ್ಯವಾಗಿ ಕಾರಿಗೆ ಮಾತ್ರ ಅನ್ವಯಿಸುತ್ತದೆ, ಒಳಗಿನ ವಸ್ತುಗಳಿಗಲ್ಲ. ಕಳೆದುಹೋದರೆ ಕೇಳುವವರಿಲ್ಲ. ಬ್ರೇಕ್ ಹಾಕಿದಾಗ ಉರುಳಿದ ಪೆಟ್ಟಿಗೆ ಒಳಗಿನ ಗಾಜಿಗೆ ಬಡಿದರೆ ಆ ಹಾನಿಯನ್ನೂ ಅವರು ಒಪ್ಪುವುದಿಲ್ಲ. ವಿದ್ಯುತ್ ಕಾರಿಗೆ ಹತ್ತಿಸಿ ಇಳಿಸುವಷ್ಟು, ದಾರಿಯಲ್ಲಿ ಕೆಲವು ದಿನ ನಿಂತರೂ ಬರಿದಾಗದಷ್ಟು ಚಾರ್ಜ್ ಇರಲಿ. ಕಾರನ್ನು ಎಳೆಯುವಾಗ ಚಕ್ರಗಳು ಮುಕ್ತವಾಗಿ ಉರುಳುವಂತೆ ಬಿಡುವ ಟ್ರಾನ್ಸ್‌ಪೋರ್ಟ್ ಮೋಡ್ ಇದ್ದರೆ ಅದನ್ನು ಚಾಲಕನಿಗೆ ತೋರಿಸಿಕೊಡಿ.

ಪ್ರಶ್ನೆ: ಕಾರು ಹೇಳಿದ ದಿನಕ್ಕಿಂತ ನಾಲ್ಕು ದಿನ ತಡವಾಗಿ, ರಾತ್ರಿ ಹತ್ತು ಗಂಟೆಗೆ ಬಂತು. ಚಾಲಕ ಅವಸರ ಮಾಡಿದ್ದರಿಂದ ಕಾಗದಕ್ಕೆ ಸಹಿ ಹಾಕಿದೆ. ಬೆಳಗ್ಗೆ ನೋಡಿದರೆ ಎಡಬಾಗಿಲ ಮೇಲೆ ಉದ್ದನೆಯ ಗೀರು. ಸಹಿ ಮಾಡಿದ್ದೀರಿ, ನಮ್ಮ ಹೊಣೆಯಲ್ಲ ಎನ್ನುತ್ತಿದ್ದಾರೆ. ಈಗ ಏನು ಮಾಡಲಿ?

ಉತ್ತರ: ತಮ್ಮ ಪತ್ರ ಓದಿ ನಿಜಕ್ಕೂ ಬೇಸರವಾಯಿತು. ಮೊದಲು ಮಾಡಬೇಕಾದುದನ್ನು ಹೇಳುತ್ತೇನೆ. ಗೀರಿನ ಚಿತ್ರಗಳನ್ನು ಹಗಲು ಬೆಳಕಿನಲ್ಲಿ, ದೂರದಿಂದಲೂ ಹತ್ತಿರದಿಂದಲೂ ತೆಗೆಯಿರಿ. ಕಾರನ್ನು ಒಪ್ಪಿಸುವ ಮೊದಲು ತೆಗೆದ ಚಿತ್ರಗಳಿದ್ದರೆ ಅವನ್ನು ಪಕ್ಕದಲ್ಲಿಡಿ. ಇಂದೇ ಸಾಗಣೆದಾರರಿಗೆ, ಮಧ್ಯವರ್ತಿಯಿದ್ದರೆ ಅವರಿಗೂ, ಬರವಣಿಗೆಯಲ್ಲಿ ದೂರು ಕಳುಹಿಸಿ ಅವರ ಸರಕು ವಿಮೆಯ ವಿವರ ಕೇಳಿ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆಯಿರುವುದಿಲ್ಲ. ದುರಸ್ತಿಯ ಅಂದಾಜನ್ನು ಎರಡು ಕಡೆ ಬರೆಸಿಕೊಳ್ಳಿ, ಆದರೆ ವಿಮೆಯವರು ನೋಡುವವರೆಗೆ ದುರಸ್ತಿ ಮಾಡಿಸಬೇಡಿ. ತಮ್ಮ ಸ್ವಂತ ಕಾರು ವಿಮೆಯಲ್ಲಿ ಸಾಗಣೆಯ ಹಾನಿಗೆ ರಕ್ಷಣೆಯಿದೆಯೇ ಎಂದೂ ಕೇಳಿ ನೋಡಿ.

ಸಹಿ ಮಾಡಿದ ಮಾತ್ರಕ್ಕೆ ಹಕ್ಕು ಪೂರ್ತಿ ಹೋಯಿತೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಕಾನೂನು, ಹಾನಿಯ ಪರಿಹಾರ ಕೇಳಲು 9 ತಿಂಗಳಿಗಿಂತ ಕಡಿಮೆ ಗಡುವು ಇಡಬಾರದೆಂದು ಅಂತರರಾಜ್ಯ ಸಾಗಣೆದಾರರಿಗೆ ವಿಧಿಸಿದೆ. ತಾವಿರುವ ಕಡೆಯ ಗಡುವನ್ನು ತಮ್ಮ ಒಪ್ಪಂದದಲ್ಲಿ ನೋಡಿಕೊಳ್ಳಿ. ಆದರೂ ಯಾವ ಟಿಪ್ಪಣಿಯೂ ಇಲ್ಲದ ಸಹಿ ತಮ್ಮ ವಾದವನ್ನು ಬಹಳ ದುರ್ಬಲಗೊಳಿಸುತ್ತದೆ ಎಂಬುದನ್ನು ಮುಚ್ಚಿಡಲಾರೆ. ಆ ಕಾಗದದಲ್ಲಿ ಕಾರಿನ ರೇಖಾಚಿತ್ರವಿರುತ್ತದೆ. ಹೊರಡುವಾಗ ಇದ್ದ ಗೀರು, ತಗ್ಗುಗಳನ್ನು ಅದರಲ್ಲಿ ಗುರುತಿಸಿ ಇಬ್ಬರೂ ಸಹಿ ಮಾಡುತ್ತಾರೆ, ತಲುಪಿದಾಗ ಅದರೊಂದಿಗೆ ಹೋಲಿಸಿ ಮತ್ತೆ ಸಹಿ ಮಾಡುತ್ತಾರೆ. ಎರಡು ಸಹಿಗಳ ನಡುವೆ ಹೊಸ ಗುರುತು ಇಲ್ಲವೆಂದರೆ ದಾರಿಯಲ್ಲಿ ಹಾನಿಯಾಗಿಲ್ಲ ಎಂದೇ ವಿಮೆಯವರು ಓದುತ್ತಾರೆ. ಕಾರು ಪಡೆಯಲಿರುವ ಇತರ ಓದುಗರು ಇದನ್ನು ಗಮನಿಸಬೇಕು: ರಾತ್ರಿ ಬಂದರೆ ಟಾರ್ಚ್ ಹಿಡಿದು ಸುತ್ತ ನೋಡಿ, ಕಾರು ಕೊಳೆಯಾಗಿದ್ದರೆ ನೀರು ಹಾಕಿ ಒರೆಸಿ ನೋಡಿ, ಅದಕ್ಕೂ ಅವಕಾಶ ಸಿಗದಿದ್ದರೆ 'ಕತ್ತಲೆಯಲ್ಲಿ ಸ್ವೀಕರಿಸಿದೆ, ಪೂರ್ಣ ಪರಿಶೀಲನೆ ಆಗಿಲ್ಲ' ಎಂದು ಬರೆದು ಅದರ ಕೆಳಗೆ ಸಹಿ ಮಾಡಿ. ಚಾಲಕನಿಗೆ ಅವಸರವಿರಬಹುದು, ಆದರೆ ಆ ಹತ್ತು ನಿಮಿಷ ತಮ್ಮ ಹಕ್ಕು.

ವಿಮೆಯ ಮೊತ್ತವನ್ನೂ ಮೊದಲೇ ಕೇಳಬೇಕು. ಗಾಡಿಗೆ ಇಷ್ಟು ವಿಮೆಯಿದೆ ಎಂದರೆ ಹಲವು ವೇಳೆ ಅದು ಇಡೀ ಲೋಡಿಗೆ ಇರುವ ಮಿತಿ. ಗಾಡಿಯೇ ಉರುಳಿದರೆ ಅಷ್ಟನ್ನು ಎಲ್ಲ ಕಾರುಗಳ ಒಡೆಯರೂ ಹಂಚಿಕೊಳ್ಳಬೇಕು. ಅತಿ ಕಡಿಮೆ ಬಾಡಿಗೆ ಹೇಳುವವರ ಉಳಿತಾಯ ಎಷ್ಟೋ ಬಾರಿ ಇಲ್ಲಿಂದಲೇ ಬಂದಿರುತ್ತದೆ.

ತಡವಾದ ಬಗ್ಗೆ ನಾನು ಚಾಲಕನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನು ಎಷ್ಟು ಹೊತ್ತು ಓಡಿಸಬಹುದೆಂಬುದನ್ನು ಕಾನೂನು ಕಟ್ಟಿಹಾಕಿದೆ: ಅಮೆರಿಕದಲ್ಲಿ ವಿರಾಮದ ನಂತರದ ಒಂದು ಪಾಳಿಯಲ್ಲಿ ಹೆಚ್ಚೆಂದರೆ 11 ಗಂಟೆ, ಯುರೋಪಿನ ಒಕ್ಕೂಟದಲ್ಲಿ ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ನಡುವೆ ಎಂಟು ಮನೆಗಳಲ್ಲಿ ಕಾರು ಇಳಿಸಿ ಹತ್ತಿಸುವ ಹೊತ್ತನ್ನು ಕಳೆದರೆ 3,000 ಕಿ.ಮೀ. ಹಾದಿಗೆ ಒಂದು ವಾರ ಹಿಡಿಯುವುದು ಅಸಹಜವಲ್ಲ. ತಲುಪುವ ದಿನವನ್ನು ಖಚಿತವಾಗಿ ಹೇಳುವವರಿಗಿಂತ 'ಈ ದಿನದಿಂದ ಈ ದಿನದೊಳಗೆ' ಎನ್ನುವವರೇ ಹೆಚ್ಚು ಸತ್ಯ ಹೇಳುತ್ತಿರುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯಕ್ಕಿಂತ ನಾನೇ ಓಡಿಸಿಕೊಂಡು ಹೋಗುವುದು ಲಾಭವಲ್ಲವೇ?

ಉತ್ತರ: ಒಂದು ದಿನದಲ್ಲಿ ಆರಾಮವಾಗಿ ತಲುಪುವ ದೂರವಾದರೆ ಖಂಡಿತ ಲಾಭ. ಸಣ್ಣ ದೂರಕ್ಕೆ ಸಾಗಣೆಯ ಬಾಡಿಗೆ ದುಬಾರಿಯೆಂದು ಮೇಲೆ ಹೇಳಿದ್ದೇನೆ. ಅದಕ್ಕಿಂತ ಹೆಚ್ಚಾದರೆ ಇಂಧನ ಮತ್ತು ಟೋಲ್ ಜೊತೆಗೆ ರಾತ್ರಿಗಳ ತಂಗುವಿಕೆ, ಊಟ, ಕೆಲಸಕ್ಕೆ ಹಾಕುವ ರಜೆ, ಟೈರು ಮತ್ತು ಎಂಜಿನ್ ಆಯಿಲ್ ಸವೆತ ಎಲ್ಲವನ್ನೂ ಕಾಗದದ ಮೇಲೆ ಬರೆಯಿರಿ. 10,000 ಕಿ.ಮೀ.ಗೆ ಒಮ್ಮೆ ಸರ್ವಿಸ್ ಆಗಬೇಕಾದ ಕಾರಿಗೆ 2,500 ಕಿ.ಮೀ. ಪ್ರಯಾಣವೆಂದರೆ ಆ ಅವಧಿಯ ಕಾಲು ಭಾಗ. ಕುಟುಂಬ ವಿಮಾನದಲ್ಲಿ ಹೋಗಿ ತಾವೊಬ್ಬರೇ ಓಡಿಸುವುದಾದರೆ ಉಳಿಯುವುದು ಒಂದೇ ಟಿಕೆಟ್. ಎಲ್ಲರೂ ಕಾರಿನಲ್ಲೇ ಹೋಗುವುದಾದರೆ ಎಲ್ಲರ ಟಿಕೆಟ್ಟೂ ಉಳಿಯುತ್ತದೆ, ಆಗ ಲೆಕ್ಕ ತಿರುಗಿಬಿಡಬಹುದು. ಹಣದ ಜೊತೆಗೆ ದಣಿವನ್ನೂ ಎಣಿಸಿ. ಮನೆಯ ಸಾಮಾನು ಕಟ್ಟಿ ಮುಗಿಸಿ ಮೂರು ರಾತ್ರಿ ನಿದ್ದೆಗೆಟ್ಟವರು ಮರುದಿನವೇ ಸ್ಟಿಯರಿಂಗ್ ಹಿಡಿಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ.

ನಡುವಿನ ದಾರಿಗಳೂ ಕೆಲವೆಡೆ ಇವೆ. ಅಮೆರಿಕದಲ್ಲಿ ವರ್ಜೀನಿಯಾದ ಲಾರ್ಟನ್ ಮತ್ತು ಫ್ಲಾರಿಡಾದ ಸ್ಯಾನ್‌ಫರ್ಡ್ ನಡುವೆ ಅಲ್ಲಿನ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರಾಕ್ ಓಡಿಸುವ ರೈಲಿನಲ್ಲಿ ಪ್ರಯಾಣಿಕರು ತಮ್ಮ ಕಾರನ್ನೂ ಜೊತೆಗೇ ಒಯ್ಯಬಹುದು. ಸುಮಾರು 1,375 ಕಿ.ಮೀ. ಹಾದಿಯನ್ನು ಅದು ಒಂದು ರಾತ್ರಿಯ ಪ್ರಯಾಣದಲ್ಲಿ ಕ್ರಮಿಸುತ್ತದೆ. ತಾವು ಹೋಗುವ ದಿಕ್ಕಿನಲ್ಲಿ ಇಂಥ ಸೌಲಭ್ಯವಿದೆಯೇ ಎಂದು ವಿಚಾರಿಸಿ.

ಯಾವ ರೀತಿಯಲ್ಲಿ ಒಯ್ದರೂ, ಹೊಸ ರಾಜ್ಯದ ನೋಂದಣಿ, ತೆರಿಗೆ ಮತ್ತು ಹೊಗೆ ಪರೀಕ್ಷೆಯ ನಿಯಮಗಳನ್ನು ಕಾರು ಹೊರಡುವ ಮೊದಲೇ ಓದಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸುವವರಿಗೆ ನೋಂದಣಿಗೆ 20 ದಿನಗಳ ಗಡುವಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆ ರಾಜ್ಯದ ಹೊಗೆ ಮಾನದಂಡಕ್ಕೆ ಪ್ರಮಾಣೀಕರಣ ಪಡೆಯದ, 7,500 ಮೈಲಿಗಿಂತ ಕಡಿಮೆ ಓಡಿದ ಹೊಸ ಕಾರನ್ನು ಅಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ. ಇಂಥ ನಿಯಮ ಗೊತ್ತಿಲ್ಲದೆ ಕಾರು ಕಳುಹಿಸಿದವರು ಎರಡು ಬಾರಿ ಬಾಡಿಗೆ ಕೊಡಬೇಕಾಗುತ್ತದೆ. ನೋಂದಣಿಯ ಶುಲ್ಕ, ತೆರಿಗೆಗಳನ್ನೂ ಸೇರಿಸಿದ ಮೇಲೆ, ಹಳೆಯ ಕಾರನ್ನು ಇಲ್ಲೇ ಮಾರಿ ಅಲ್ಲಿ ಇನ್ನೊಂದನ್ನು ಕೊಳ್ಳುವುದೇ ಮೇಲು ಎಂದು ಲೆಕ್ಕ ತೋರಿಸಿದರೆ, ಆ ಲೆಕ್ಕವನ್ನು ಒಪ್ಪಿಕೊಳ್ಳಲು ಹಿಂಜರಿಯಬೇಡಿ.